ಹಿಂದಿನವರ ರೇಟು

ಕಳೆದ ವರ್ಷ ಜುಲೈ ಕೊನೆಯ ವಾರ, ಆಟಿ ತಿಂಗಳ ನಡುವೆ, ನನ್ನ ಅಕ್ಕನ ಗಂಡ ಉಡುಪಿಯ ಹೆದ್ದಾರಿ ಬದಿಯ ಶೋರೂಮಿನಲ್ಲಿ ಹೊಸ ಪಿಕಪ್ ಗಾಡಿಯೊಂದನ್ನು ಖರೀದಿಸಿದರು. ಆ ಗಾಡಿಗೆ ಅದಕ್ಕೂ ಮೊದಲೇ ಒಮ್ಮೆ ಪೂಜೆ ಆಗಿತ್ತು.

ಆಟಿಯಲ್ಲಿ ನಮ್ಮ ಕಡೆಯವರು ಹೊಸ ಗಾಡಿಯನ್ನು ಮನೆಗೆ ತರುವುದಿಲ್ಲ. ಮದುವೆ, ಗೃಹಪ್ರವೇಶ ಇಲ್ಲದ ತಿಂಗಳು ಅದು. ತೀರಿಹೋದವರು ಮನೆಗೆ ಬರುತ್ತಾರೆಂದು ಅವರಿಗೆ ಎಲೆ ಹಾಕಿ ಬಡಿಸುವ ತಿಂಗಳು. ಭಾವನಿಗೆ ಇದೆಲ್ಲ ಗೊತ್ತಿತ್ತು. ಆದರೆ ಆಗಸ್ಟ್ ಒಂದಕ್ಕೆ ಮೀನುಗಾರಿಕೆಯ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿಯುತ್ತವೆ. ಕಾಪುವಿನಲ್ಲಿ ಮನೆ ಇರುವ ಭಾವ, ಮಲ್ಪೆ ಬಂದರಿನಿಂದ ಕಾರ್ಕಳದ ಮಾರುಕಟ್ಟೆಗೆ ಮೀನು ಸಾಗಿಸುವವರು. ಹಳೆಯ ಗಾಡಿಯ ಚಾಸಿಯನ್ನು ಮೀನಿನ ಉಪ್ಪುನೀರು ತಿಂದುಹಾಕಿತ್ತು. ಇನ್ನು ವೆಲ್ಡಿಂಗ್ ಹಿಡಿಯುವುದಿಲ್ಲ ಎಂದು ಗ್ಯಾರೇಜಿನವರು ಕೈಬಿಟ್ಟಿದ್ದರು. ಕಾರ್ಕಳದ ಬ್ಯಾರಿ ಮೀನು ವ್ಯಾಪಾರಿ ಫೋನ್ ಮಾಡಿ, "ಸೀಸನ್ ಶುರುವಾಗುವಾಗ ನಿಮ್ಮ ಗಾಡಿ ಉಂಟಾ ಇಲ್ವಾ, ಒಂದು ಮಾತು ಹೇಳಿಬಿಡಿ ಮಾರಾಯ್ರೆ. ಇಲ್ಲದಿದ್ರೆ ನಾನು ಬೇರೆ ಜನ ನೋಡ್ತೇನೆ," ಎಂದಿದ್ದರು. ಆ ಬಾಡಿಗೆ ತಪ್ಪಿದರೆ ಭಾವನಿಗೆ ಬೇರೆ ಬಾಡಿಗೆ ಇರಲಿಲ್ಲ.

ನಾನು ಮಣಿಪಾಲದಲ್ಲಿ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಪಾಳಿ ಸಂಜೆಯದ್ದು. ಬೆಳಿಗ್ಗೆ ಭಾವ ನನ್ನನ್ನೂ ಶೋರೂಮಿಗೆ ಎಳೆದುಕೊಂಡು ಹೋದರು. "ಪೇಪರಿನವಳು ಪಕ್ಕದಲ್ಲಿದ್ದರೆ ಅವರು ಸುಳ್ಳು ಹೇಳಲಿಕ್ಕೆ ಹೆದರ್ತಾರೆ," ಎಂದರು. ಅಲ್ಲಿ ಯಾರೂ ಹೆದರಿದಂತೆ ಕಾಣಲಿಲ್ಲ.

ನಮಗೆ ಸಿಕ್ಕ ಸೇಲ್ಸ್‌ನವರು ಬಾಗಲಕೋಟೆ ಕಡೆಯವರು. ಭಾವ ಕೇಳಿದ ಮಾಡೆಲ್ ಮಾರುಕಟ್ಟೆಗೆ ಬಂದು ಎರಡು ತಿಂಗಳೂ ಆಗಿರಲಿಲ್ಲ. ಈಗ ಬುಕ್ ಮಾಡಿದರೆ ಕೈಗೆ ಬರುವುದು ಚೌತಿ ಕಳೆದ ಮೇಲೆ. ಆದರೆ ಒಂದು ಗಾಡಿ ಮಾತ್ರ ಹಿಂದಿನ ಅಂಗಳದಲ್ಲಿ ಉಂಟು ಎಂದು ಅವರೇ ಹೇಳಿದರು.

"ಆಷಾಢದಾಗ ಗಾಡಿ ತಗೊಳ್ಳೋರು ಸಿಗೋದ ಕಮ್ಮಿರಿ. ರೇಟ್ ಚಲೋ ಮಾಡಿ ಕೊಡ್ತೀನ್ರಿ ಅಣ್ಣಾರ."

"ಚಲೋ ಅಂದ್ರೆ ಎಷ್ಟು ಚಲೋ, ಅದು ಹೇಳಿ," ಎಂದರು ಭಾವ.

ಭಾವ ಗಾಡಿಗೆ ಒಂದು ಸುತ್ತು ಬಂದರು. ಒದ್ದೆ ನೆಲದಲ್ಲಿ ಗೋಣಿ ಹಾಸಿ ಮಲಗಿ ಅಡಿಭಾಗ ನೋಡಿದರು. ಏಳುವಾಗ ಅವರ ಬೆರಳಲ್ಲಿ ಒಣಗಿದ ಲಿಂಬೆಯ ಸಿಪ್ಪೆ ಇತ್ತು. ಅದು ಮುಂದಿನ ಟೈರಿನ ಸಂದಿನಲ್ಲಿ ಸಿಕ್ಕಿತ್ತು. ಬಾನೆಟ್ಟಿನ ಅಂಚಿನಲ್ಲಿ, ತೊಳೆಯುವಾಗ ಕೈ ತಪ್ಪಿದ ಕುಂಕುಮವೂ ಇತ್ತು.

"ಇದೆಂತ ಮಾರಾಯ್ರೆ? ಹೊಸ ಗಾಡಿ ಅಂದ್ರಿ. ಲಿಂಬೆಹಣ್ಣಿನ ಮೇಲೆ ಆಗಲೇ ಹತ್ತಿಸಿ ಆಗಿದೆ ಅಲ್ವಾ?"

ಸೇಲ್ಸ್‌ನವರು ಒಮ್ಮೆ ಒಳಗಿನ ಮ್ಯಾನೇಜರ ಕೋಣೆಯ ಕಡೆ ನೋಡಿದರು. ನಂತರ ಹೇಳಿದರು. ಗಾಡಿಯನ್ನು ಮೊದಲು ಬುಕ್ ಮಾಡಿದ್ದು ಶಾಮಿಯಾನ ಬಾಡಿಗೆಗೆ ಕೊಡುವ ಒಬ್ಬರು. ಅವರ ಮನೆ ಕಾರ್ಕಳದ ಈಚೆ, ಬೈಲೂರು ರಸ್ತೆಯಲ್ಲಿ. ರಿಜಿಸ್ಟ್ರೇಷನ್ ಮುಗಿಯುವಷ್ಟರಲ್ಲಿ ಆಟಿ ಹಿಡಿಯುತ್ತಿತ್ತು. ಹಾಗಾಗಿ ಅವರು ಆಟಿಯ ಮುಂಚಿನ ದಿನವೇ ಭಟ್ಟರನ್ನು ಕರೆತಂದು ಈ ಅಂಗಳದಲ್ಲೇ ಪೂಜೆ ಮಾಡಿಸಿದರು. ಪೂಜೆ ಆದರೆ ಗಾಡಿ ಆಟಿಗೆ ಮೊದಲೇ ತಮ್ಮದಾದ ಹಾಗೆ ಎಂಬ ಲೆಕ್ಕ. ಗಾಡಿಯನ್ನು ಇಲ್ಲೇ ಬಿಟ್ಟು ಬಸ್ಸಿನಲ್ಲಿ ಊರಿಗೆ ಹೋದರು. ಅದೇ ವಾರ ಎದೆನೋವು ಬಂದು, ಆಸ್ಪತ್ರೆಯ ದಾರಿಯಲ್ಲಿ ತೀರಿಕೊಂಡರು. ರಿಜಿಸ್ಟ್ರೇಷನ್ ಆಗಿರಲಿಲ್ಲ. ದಾಖಲೆಯ ಪ್ರಕಾರ ಗಾಡಿ ಯಾರದ್ದೂ ಅಲ್ಲ.

ಭಾವ ಅಲ್ಲಿಂದಲೇ ಹೊರಡುತ್ತಾರೆಂದು ನಾನು ಅಂದುಕೊಂಡೆ. ಅವರು ಕೈ ತೊಳೆದುಕೊಂಡು ಬಂದು ಮೇಜಿನ ಮುಂದೆ ಕುಳಿತು ರೇಟಿನ ಚೀಟಿ ನೋಡಿದರು.

"ಹ್ಯಾಂಡ್ಲಿಂಗ್ ಚಾರ್ಜ್ ಅಂತ ಹಾಕಿದ್ದೀರಲ್ಲ, ಎಂತದ್ದು ಅದು? ಗಾಡಿಯನ್ನು ನೀವು ಹೊತ್ತುಕೊಂಡು ಬಂದದ್ದಾ?"

ಸೇಲ್ಸ್‌ನವರಿಗೆ ನಗು ಬಂತು. "ಹಿಂದಿನ ಅಣ್ಣಾರೂ ಹಿಂಗ ಕೇಳಿದ್ರು ನೋಡ್ರಿ. ಅವ್ರಿಗೆ ಅದನ್ನ ತಗದಿದ್ವಿರಿ."

"ಇನ್ಶೂರೆನ್ಸ್ ನಾನು ಹೊರಗೆ ಮಾಡಿಸ್ತೇನೆ. ನಿಮ್ಮದು ಜಾಸ್ತಿ."

"ಅವರೂ ಹೊರಗ ಮಾಡಸ್ತೀನಿ ಅಂದ್ರು. ಕಡೀಕ ನಾವ ಕಮ್ಮಿ ಮಾಡಿದ್ವಿ."

"ಟಾರ್ಪಾಲು?"

"ಅವರೂ ಕೇಳಿದ್ರು. ಫ್ರೀ ಅಂತ ಒಪ್ಪಿದ್ವಿ."

"ಹಿಂದೆ ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚು ಬೇಕು, ಲೋಡ್ ಹಾಕಲಿಕ್ಕೆ ಉಂಟು."

ಸೇಲ್ಸ್‌ನವರು ಈ ಸಲ ನಗಲಿಲ್ಲ. "ಅದನ್ನೂ ಅವರು ಕೇಳಿದ್ರು ಅಣ್ಣಾರ."

ಭಾವ ಕುರ್ಚಿಯನ್ನು ತುಸು ಹಿಂದಕ್ಕೆ ಸರಿಸಿದರು. "ಅವರು ಕೂತದ್ದು ಇಲ್ಲಿಯಾ?"

"ಹೌದ್ರಿ. ಅದ ಕುರ್ಚಿ."

ಭಾವ ನನ್ನ ಕಡೆ ತಿರುಗಿ ತುಳುವಿನಲ್ಲಿ, "ಇನ್ನು ಕೇಳಲಿಕ್ಕೆ ಎಂತ ಉಳಿದಿದೆ ಮಾರಾಯ್ತಿ? ಆ ಜನ ಎಲ್ಲ ಕೇಳಿಯಾಗಿದೆ," ಎಂದರು. ದನಿ ತಗ್ಗಿತ್ತು.

ಮ್ಯಾನೇಜರು ಬಂದು ಕೊಟ್ಟ ಅಂತಿಮ ರೇಟಿನಲ್ಲಿ ಈ ರಿಯಾಯಿತಿ ಯಾವುದೂ ಇರಲಿಲ್ಲ. ಹ್ಯಾಂಡ್ಲಿಂಗ್ ಚಾರ್ಜ್ ಇತ್ತು, ಟಾರ್ಪಾಲಿಗೆ ಬೇರೆ ದರ ಇತ್ತು. "ಆಗಿನ ರೇಟು ಆಗಿನದ್ದು. ಈಗ ಈ ಗಾಡಿಗೆ ಕ್ಯೂ ಉಂಟು. ನೀವು ಬೇಡ ಅಂದ್ರೆ ನಾಳೆ ಬೇರೆಯವರು ತಗೊಳ್ತಾರೆ," ಎಂದರು.

"ಲಿಂಬೆಯ ಕತೆ ಹೇಳಿ ತಗೊಳ್ಳುವವರನ್ನು ತೋರಿಸಿ ನೋಡುವ," ಎಂದರು ಭಾವ. "ಅವರಿಗೆ ಅಂತ ನಿಲ್ಲಿಸಿದ ಗಾಡಿಯನ್ನು ನನಗೆ ಕೊಡುವುದಾದರೆ ಅವರ ರೇಟಿಗೇ ಕೊಡಿ. ಒಂದು ರೂಪಾಯಿ ಕಮ್ಮಿ ಬೇಡ, ಒಂದು ರೂಪಾಯಿ ಹೆಚ್ಚೂ ಇಲ್ಲ."

ಮ್ಯಾನೇಜರು ಯೋಚಿಸಿ ಒಂದು ಶರತ್ತು ಹಾಕಿದರು. ಬುಕಿಂಗ್ ಇನ್ನೂ ರದ್ದಾಗಿರಲಿಲ್ಲ. ಅದಕ್ಕೆ ಮನೆಯವರ ಸಹಿ ಬೇಕು. ಅವರು ಫೋನ್ ಎತ್ತುತ್ತಿಲ್ಲ. ಆ ಸಹಿಯನ್ನು ನಾವೇ ತಂದುಕೊಟ್ಟರೆ ಹಿಂದಿನವರ ರೇಟಿಗೆ ಗಾಡಿ.

ಮರುದಿನ ಬೆಳಿಗ್ಗೆ ನಾವು ಆ ಮನೆಗೆ ಹೋದೆವು. ಚಾವಡಿಯಲ್ಲಿ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು ಮಾಡಿನ ಹಂಚಿನವರೆಗೆ ಪೇರಿಸಿದ್ದವು. ತೀರಿಕೊಂಡವರ ಹೆಂಡತಿ ಅದರಿಂದಲೇ ಎರಡು ಕುರ್ಚಿ ಇಳಿಸಿ ನಮಗೆ ಹಾಕಿದರು. ಬಂದ ವಿಷಯವನ್ನು ಭಾವ ಮುಚ್ಚಿಡದೆ ಹೇಳಿದರು. ಆಕೆ ಕೇಳಿದ್ದು ಒಂದೇ: "ಎಷ್ಟಕ್ಕೆ ಮಾತಾಗಿತ್ತಂತೆ?"

ಭಾವ ಹೇಳಿದರು. ಹ್ಯಾಂಡ್ಲಿಂಗ್ ಚಾರ್ಜ್, ಇನ್ಶೂರೆನ್ಸ್, ಟಾರ್ಪಾಲು, ಪ್ಲೇಟು ಎಲ್ಲವನ್ನೂ ಹೇಳಿದರು.

"ಅದು ನನ್ನ ಗಂಡ ಅಲ್ಲ," ಎಂದರು ಆಕೆ. "ಅವರಿಗೆ ಚೌಕಾಶಿ ಬರುವುದಿಲ್ಲ. ಬಂಗುಡೆಗೆ ಮೀನಿನವಳು ಹೇಳಿದಷ್ಟು ಕೊಟ್ಟು ಬರುವ ಜನ. ನಾನು ಬೈದರೆ ನಗುವುದು. ಈ ಕುರ್ಚಿಗಳ ಬಾಡಿಗೆಯನ್ನು ಎಷ್ಟು ಮನೆಯವರು ಇವತ್ತಿಗೂ ಕೊಟ್ಟಿಲ್ಲ, ಅವರು ಕೇಳಿದವರೇ ಅಲ್ಲ."

"ಶೋರೂಮಿನವರು ಹಾಗೆ ಹೇಳಿದ್ದು ಅಕ್ಕ."

"ಜೊತೆಗೆ ಯಾರಾದರೂ ಇದ್ದರಂತಾ?"

"ಒಬ್ಬರೇ ಬಂದದ್ದಂತೆ."

ಆಕೆ ಭಾವನ ಕೈಯಿಂದ ಕಾಗದ ತೆಗೆದುಕೊಂಡರು. ನಂತರ ನನ್ನ ಪೆನ್ನು ಕೇಳಿ ಸಹಿ ಹಾಕಿದರು.

"ಗಾಡಿ ತಗೊಳ್ಳಿ, ಒಳ್ಳೆಯದಾಗಲಿ. ಈ ರಸ್ತೆಯಲ್ಲಿ ಮಾತ್ರ ತರಬೇಡಿ. ಪೂಜೆಯ ದಿನ ಅವರು ಅಲ್ಲಿಂದ ಫೋನ್ ಮಾಡಿ ಹಾರ್ನ್ ಹೊಡೆದು ಕೇಳಿಸಿದ್ದರು. ಆ ಸ್ವರ ನನಗೆ ಗೊತ್ತುಂಟು."

ಮಲ್ಪೆಯಿಂದ ಕಾರ್ಕಳಕ್ಕೆ ಹತ್ತಿರದ ದಾರಿ ಮಣಿಪಾಲ, ಹಿರಿಯಡ್ಕ, ಬೈಲೂರು. ಅದು ಆ ಮನೆಯ ಎದುರೇ ಹೋಗುತ್ತದೆ. ಅದನ್ನು ಬಿಟ್ಟರೆ ಹೆದ್ದಾರಿಯಲ್ಲಿ ತೆಂಕಕ್ಕೆ ಪಡುಬಿದ್ರಿಯವರೆಗೆ ಹೋಗಿ, ಅಲ್ಲಿಂದ ಬೆಳ್ಮಣ್ಣಿನ ಮೇಲಾಗಿ ಸುತ್ತಿ ಬರಬೇಕು. ದಿನಾ ಅಷ್ಟು ಡೀಸೆಲ್ ಹೆಚ್ಚು, ಮೀನು ತಲುಪುವುದೂ ತಡ. ಭಾವ ಏನನ್ನೂ ಕೇಳದೆ, "ಆಯ್ತು ಅಕ್ಕ," ಎಂದರು.

ಹಿಂದಿರುಗುವಾಗ ನಾನು, ಉಳಿಸಿದ ಹಣವೆಲ್ಲ ಈ ಸುತ್ತಿನಲ್ಲೇ ಹೋಗುತ್ತದೆ ಎಂದೆ. "ನೀನು ಸುಮ್ಮನಿರು," ಎಂದರು.

ಗಾಡಿ ಹಿಂದಿನವರ ರೇಟಿಗೇ ಸಿಕ್ಕಿತು. ಕೊಡುವ ದಿನ ಸೇಲ್ಸ್‌ನವರು ಲಿಂಬೆಹಣ್ಣು ತಂದಿಟ್ಟಿದ್ದರು. ಭಾವ, "ಅದು ಆಗಿದೆ," ಎಂದು ಸೀದಾ ಹತ್ತಿ ಕೂತರು. ಮೊದಲ ಬೋಟುಗಳು ಮೀನು ತಂದ ದಿನ ಗಾಡಿ ಮಲ್ಪೆಯಲ್ಲಿತ್ತು. ಆ ಬಾಡಿಗೆ ಉಳಿಯಿತು. ಆಟಿ ಮುಗಿಯುವ ಮೊದಲು ಕಾಪುವಿನ ಮನೆಯಲ್ಲಿ ತೀರಿಹೋದವರಿಗೆ ಬಡಿಸಿದಾಗ ಎಲೆಗಳ ಸಾಲಿನಲ್ಲಿ ಒಂದು ಹೆಚ್ಚಿಗೆ ಇತ್ತು. ಎಣಿಕೆ ತಪ್ಪಿರಬೇಕೆಂದು ನಾನು ಅಕ್ಕನಿಗೆ ಹೇಳಿದೆ. ತಪ್ಪಿಲ್ಲ, ನಿನ್ನ ಭಾವನೇ ಹಾಕಲು ಹೇಳಿದ್ದು ಎಂದಳು.

ಶೋರೂಮಿನಲ್ಲಿ ಕುಳಿತು ಅಷ್ಟು ಗಟ್ಟಿಯಾಗಿ ಮಾತಾಡಿದವರು ಯಾರು ಎಂಬುದು ನನಗೆ ಇತ್ಯರ್ಥವಾಗಲಿಲ್ಲ. ಎರಡು ಹೇಳಿಕೆಗಳಿದ್ದವು, ಎರಡೂ ಆ ಮನುಷ್ಯನನ್ನು ನೇರವಾಗಿ ಕಂಡವರದ್ದು. ದೀಪಾವಳಿ ಹೊತ್ತಿಗೆ ಮತ್ತೊಮ್ಮೆ ಕೇಳಲು ಹೋದೆ. ಸೇಲ್ಸ್‌ನವರು ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಮ್ಯಾನೇಜರು, "ದಿನಾ ಎಷ್ಟು ಜನ ಬರ್ತಾರೆ ಮೇಡಂ, ಯಾರ ಮುಖ ಅಂತ ನೆನಪಿಡುವುದು," ಎಂದರು. ಭಾವನಿಗೆ ಇದನ್ನು ಹೇಳಿದಾಗ, "ನೀನು ಯಾಕೆ ಹೋದದ್ದು?" ಎಂದು ರೇಗಿದರು. ಅವರು ನನ್ನ ಮೇಲೆ ರೇಗಿದ್ದು ಅಪರೂಪ.

ಕಳೆದ ತಿಂಗಳು ಕೆಲಸದ ಮೇಲೆ ಕಾರ್ಕಳಕ್ಕೆ ಹೋಗುವಾಗ ಆ ಮನೆಯ ಎದುರು ಕಾರು ನಿಲ್ಲಿಸಿದೆ. ಬೀಗ ಹಾಕಿತ್ತು. ಕುರ್ಚಿಗಳು ಇರಲಿಲ್ಲ. ಶಾಮಿಯಾನದ ಸಾಮಾನು ಮಾರಿ ಆಕೆ ಕಲ್ಯಾಣಪುರದಲ್ಲಿರುವ ತಂಗಿಯ ಮನೆಗೆ ಹೋಗಿದ್ದಾರೆ, ಇನ್ನು ಇಲ್ಲಿಗೆ ಬರುವುದಿಲ್ಲ ಎಂದು ಪಕ್ಕದ ಅಂಗಡಿಯವರು ಹೇಳಿದರು. ಅಂದು ಸಂಜೆಯೇ ಭಾವನಿಗೆ ಫೋನ್ ಮಾಡಿ ತಿಳಿಸಿದೆ. "ಹೌದಾ," ಎಂದರು.

ಮರುದಿನ ಬೆಳಿಗ್ಗೆ ಮತ್ತೆ ಫೋನ್ ಮಾಡಿದಾಗ ಅವರು ಮೀನು ತುಂಬಿಕೊಂಡು, ಪಡುಬಿದ್ರಿ ಸುತ್ತಿ ಬೆಳ್ಮಣ್ಣಿನಲ್ಲಿದ್ದರು.