ತಾರಸಿ ಮೇಲಿನ ಬಿಸಿನೀರು

ಹರದನಹಳ್ಳಿಯ ನಮ್ಮ ಪಕ್ಕದ ಮನೆಯವನು ಕರೆಂಟ್ ಉಳಿಸಲೆಂದು ತಾರಸಿ ಮೇಲೆ ಸೋಲಾರ್ ಹೀಟರ್ ಕೂರಿಸಿದ. ಆಮೇಲೆ, ಬಳಸಿದರೆ ಎಲ್ಲಿ ಸವೆಯುತ್ತದೋ ಎಂದು ಹೆಂಡತಿಯ ಕೈಲಿ ಸೌದೆ ಒಲೆಯಲ್ಲೇ ನೀರು ಕಾಯಿಸುತ್ತಿದ್ದ. ದಿನಾ ಹೀಟರಿನ ಗಾಜು ಒರೆಸಿ, "ಉಳುಸ್ಬೇಕು ಕಣಕ್ಕ" ಅನ್ನುತ್ತಿದ್ದ.

ನನಗೆ ಮೊಮ್ಮಗಳು ಹುಟ್ಟಿದಳು. ಬೆಣ್ಣೆಮುದ್ದೆಯಂಥ ಕೂಸು, ನನ್ನ ಬಾಯಿ ಮುಚ್ಚುತ್ತಲೇ ಇರಲಿಲ್ಲ! ಕೂಸಿಗೂ ಬಾಣಂತಿ ಮಗಳಿಗೂ ನೀರು ಹಾಕುವ ಹೊತ್ತಿಗೆ ನಮ್ಮ ಸೌದೆ ಮುಗಿದಿತ್ತು. ಬಿಸಿನೀರಿಗೆಂದು ತಪ್ಪಲೆ ಹಿಡಿದು ಅವನ ಮನೆಗೆ ಓಡಿದೆ.

"ಉಳುಸ್ಬೇಕು ಕಣಕ್ಕ" ಎಂದು ಹೀಟರಿನ ನಲ್ಲಿಗೆ ಅಡ್ಡ ನಿಂತ.

ಹೆಂಡತಿ ಅವನನ್ನು ಸರಿಸಿ ನಲ್ಲಿ ತಿರುಗಿಸಿದಳು. ನೀರು ಹಬೆಯಾಡುತ್ತಾ ಬಂತು. ಬೆರಳಿಟ್ಟವನು ಕೈ ಒದರಿಕೊಂಡ.

"ಅಯ್ಯೋ, ಇದು ಇಷ್ಟು ಕಾಯ್ತದಾ?"

"ಮೂರು ವರ್ಸ ನನ್ ಕೈಲಿ ಒಲೆ ಊದ್ಸುಬುಟ್ಟು ಈಗ ಕೇಳ್ತೀರಾ? ತಪ್ಪಲೆ ಒತ್ಕಂಡ್ ನಡೀರಿ, ಕೂಸಿನ್ ನೀರು ಆರೋಯ್ತದೆ!"