ಹುರುಳಿ ಹಾಸಿದ ದಾರಿಯಲ್ಲಿ ಕೆಂಪು ಕಾರು

ನಮ್ಮ ಕೊಟ್ಟೂರಿನ ಏಕಾಂತಪ್ಪ ಇಪ್ಪತ್ತೆರಡು ವರ್ಷ ಅದಿರಿನ ಲಾರಿ ಓಡಿಸಿದವನು. ಸಂಡೂರಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದ ಲಾರಿಯನ್ನು ಹೇಗೋ ಕೆಳಗಿಳಿಸಿ, ಏನೂ ಆಗಿಲ್ಲವೆಂಬಂತೆ ಮಂಡಕ್ಕಿ ಮಿರ್ಚಿ ತಿಂದ ಆಸಾಮಿ. ಅಂಥವನನ್ನು ಪುಕ್ಕಲನನ್ನಾಗಿ ಮಾಡಿದ್ದು ಒಂದು ಕಾರು.

ಲಾರಿಯ ಕ್ಯಾಬಿನ್ನಿನಲ್ಲಿ ಕೊಟ್ಟೂರೇಶ್ವರನ ಫೋಟೋ ಪಕ್ಕದಲ್ಲೇ ಒಂದು ಕೆಂಪು ಸ್ಪೋರ್ಟ್ಸ್ ಕಾರಿನ ಚಿತ್ರ ಅಂಟಿಸಿದ್ದ. ಊದುಬತ್ತಿ ಎರಡಕ್ಕೂ ಬೆಳಗುತ್ತಿದ್ದ. ಎತ್ತರದಲ್ಲಿ ಕೂತು ಸಾಕಾಗಿದೆ, ಸಾಯುವುದರೊಳಗೆ ಒಮ್ಮೆ ನೆಲಕ್ಕೆ ತಾಗುವ ಹಾಗೆ ಕೂತು ಓಡಿಸಬೇಕು ಅನ್ನುತ್ತಿದ್ದ. ಐವತ್ಮೂರನೆಯ ವಯಸ್ಸಿಗೆ ಲಾರಿ ಮಾರಿ, ಬೆಂಗಳೂರಿನಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ಎರಡೇ ಸೀಟಿನ ಕೆಂಪು ಕಾರು ತಂದೇಬಿಟ್ಟ. ಹೆಂಡತಿ ಗುರುಬಸಮ್ಮ ಮೂರು ದಿನ ಮಾತು ಬಿಟ್ಟಳು. ನಾಲ್ಕನೆಯ ದಿನ ತಾನೇ ಕಾರಿಗೆ ಆರತಿ ಎತ್ತಿದಳು.

ಅಂದಿನಿಂದ ಶುರುವಾಯಿತು ನೋಡಿ ಹೆದರಿಕೆ. ಕೋಳಿ ಕಂಡರೆ ಹೆದರಿಕೆ, ಕ್ರಿಕೆಟ್ ಆಡುವ ಹುಡುಗರನ್ನು ಕಂಡರೆ ಹೆದರಿಕೆ. ರಸ್ತೆ ಉಬ್ಬು ಬಂದರೆ ಕಾರು ನಿಲ್ಲಿಸಿ, ಇಳಿದು, ನೆಲಕ್ಕೆ ಮಲಗಿ ತಳ ನೋಡುತ್ತಿದ್ದ. ಚೊಚ್ಚಲ ಬಸುರಿಯನ್ನು ತವರಿನವರೂ ಇಷ್ಟು ಕಾಯುವುದಿಲ್ಲ ಮಾರಾಯ ಎಂದು ನಾನು ರೇಗಿಸುತ್ತಿದ್ದೆ.

ನನ್ನದು ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿ. ಜನವರಿಯ ಒಂದು ಬೆಳಗ್ಗೆ ಬಂದು, ಕಾನಹೊಸಹಳ್ಳಿಯ ಹೈವೇಯಲ್ಲಿ ಒಮ್ಮೆ ಮನಸ್ಸು ಬಿಚ್ಚಿ ಓಡಿಸಬೇಕು, ಜೊತೆಗೆ ಬಾ ಅಂದ. ಶಟರ್ ಎಳೆದು ಹೊರಟೆ. ಊರು ದಾಟಿ ಸ್ವಲ್ಪ ಒತ್ತಿದ್ದೇ ತಡ, ಎಂಜಿನ್ನಿನ ಗುಡುಗು ಬೆನ್ನೆಲುಬಿಗೇ ಬಂತು. ಏಕಾಂತಪ್ಪ ಒಬ್ಬನೇ ನಗುತ್ತಿದ್ದ. ಅಷ್ಟು ವರ್ಷದ ಗೆಳೆತನದಲ್ಲಿ ಆ ನಗು ನಾನು ಕಂಡಿರಲಿಲ್ಲ. ಸುಳ್ಳೇಕೆ, ಹೊಟ್ಟೆಕಿಚ್ಚಾಯಿತು.

ಮುಂದೆ ರಸ್ತೆಯ ತುಂಬ ಹುರುಳಿ ಹಾಸಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ರಸ್ತೆಯೇ ಕಣ. ಹೋಗಿಬರುವ ಗಾಡಿಗಳ ಚಕ್ರವೇ ಕಾಳು ಬಿಡಿಸಬೇಕು. ಪಕ್ಕಕ್ಕೆ ಸರಿದು ಹೋದವನನ್ನು ಕೊಬ್ಬಿನವನು ಅನ್ನುತ್ತಾರೆ. ಲಾರಿ ಇದ್ದಾಗ ಏಕಾಂತಪ್ಪ ಹಿಂದಕ್ಕೆ ತಂದು ಇನ್ನೊಂದು ಸಲ ಹಾಯಿಸಿ ಕೊಡುತ್ತಿದ್ದ. ಹುರುಳಿ ಒಡತಿ ಚೌಡಕ್ಕ ಬಾ ಬಾ ಎಂದು ಕೈ ಬೀಸಿದಳು. ಕಾರಿನ ತಳ ತಗ್ಗು, ಅಂಚಿನಲ್ಲಿ ಹಿಡಿ ಎಂದು ನಾನು ಹೇಳಿದೆ. ಅಂಚಿನಲ್ಲಿ ಜಾಲಿಮುಳ್ಳು ಬಾಗಿತ್ತು. ಬಣ್ಣಕ್ಕೆ ಗೀರು ಬೀಳುತ್ತದೆಂದು ಹೆದರಿ ಏಕಾಂತಪ್ಪ ಹುರುಳಿಯ ಮೇಲೇ ಬಿಟ್ಟ.

ಒಣಗಿದ ಬಳ್ಳಿ ಕಾರಿನ ಹೊಟ್ಟೆಗೆ ಸುತ್ತಿಕೊಂಡು ಕರಕರ ಅಂದಿತು. ಕಾದ ಸೈಲೆನ್ಸರಿಗೆ ಅದು ತಾಗಿ ನನ್ನ ಕಾಲ ಬಳಿ ಹೊಗೆ ಎದ್ದಿತು. ಅವನು ನಿಲ್ಲಿಸಿದ, ನಾನು ಬಾಗಿಲು ತೆಗೆದು ಹೊರಗೆ ಬಿದ್ದೆ. ತಳದಲ್ಲಿ ಉರಿ ಕಾಣಿಸಿತು. ಇಳಿಯೋ ಎಂದು ಕೂಗಿದೆ. ಇಳಿಯಲಿಲ್ಲ. ಕಾರು ಮುಂದಕ್ಕೆ ನೆಗೆಯಿತು.

ಉರಿಯುವ ಬಳ್ಳಿಯ ತುಂಡುಗಳು ಹಿಂದೆ ಉದುರುತ್ತಿದ್ದವು. ಚೌಡಕ್ಕ ಗೋಣಿಚೀಲದಿಂದ ಅವನ್ನು ಬಡಿಯುತ್ತ ಅಳುತ್ತಿದ್ದಳು. ಕಾರು ಹುರುಳಿ ದಾಟಿ ಬರೀ ಡಾಂಬರಿನ ಮೇಲೆ ನಿಂತಿತು. ಬಾಗಿಲು ಮಾತ್ರ ತೆರೆಯಲಿಲ್ಲ. ವಾಪಸ್ ಓಡಿಬಿಡೋಣ ಅನಿಸಿದ್ದು ನಿಜ. ಹೇಗೋ ಹೋಗಿ ಬಾಗಿಲು ಎಳೆದೆ. ಹೊಗೆಯೊಳಗೆ ಸ್ಟೇರಿಂಗ್ ಹಿಡಿದು ಕೂತೇ ಇದ್ದ. ಕಾಲರ್ ಹಿಡಿದು ದರದರ ಎಳೆದೆ. ಅಂಗಿಯ ಗುಂಡಿ ಕಿತ್ತುಬಂದವು. ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಅವನು ಕೂತಿದ್ದ ಸೀಟು ಉರಿಯುತ್ತಿತ್ತು.

ಹುರುಳಿಯಲ್ಲಿ ಒಂದು ಅಂಚು ಸುಟ್ಟಿತ್ತು, ಅಷ್ಟೇ. ಚೌಡಕ್ಕ ಅವನ ಕಾಲು ಹಿಡಿದಳು. "ನನ್ನ ರಾಶಿ ಉಳಸಾಕ ಬೆಂಕಿ ಕಟ್ಟಿಕೊಂಡು ಹೋದಿ ನನ್ನಪ್ಪಾ" ಅಂದಳು. ಸಂಜೆಯೊಳಗೆ ಕೊಟ್ಟೂರಿಗೆಲ್ಲ ಅದೇ ಸುದ್ದಿ. ಗುರುಬಸಮ್ಮ ಕಾರಿಗಾಗಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ನಮ್ಮನೆಯವರು ದೊಡ್ಡ ಮನಸ್ಸಿನವರು ಎಂದು ಬಂದವರಿಗೆಲ್ಲ ಚಹಾ ಕೊಟ್ಟು ಹೇಳುತ್ತಿದ್ದಳು. ಏಕಾಂತಪ್ಪ ತಲೆ ತಗ್ಗಿಸಿ ಕೂತಿರುತ್ತಿದ್ದ. ವಿನಯ ಅಂದುಕೊಂಡೆವು.

ಎಂಟು ದಿನ ಬಿಟ್ಟು ಅಂಗಡಿಗೆ ಬಂದ. ಗಿರಾಕಿಗಳು ಹೋಗುವವರೆಗೂ ಕಾದು ಕೂತ.

"ಶ್ರೀನಾಥ, ಆಕಿ ಹುರುಳಿ ನನಗ ನೆನಪ ಇರಲಿಲ್ಲಲೇ."

ಮತ್ತೆ ಯಾಕೆ ಓಡಿಸಿದೆ ಎಂದು ಕೇಳಿದೆ. ಜೋರಾಗಿ ಹೋದರೆ ಬೆಂಕಿ ಆರುತ್ತದೆ ಅಂದುಕೊಂಡನಂತೆ. ಆರಲಿಲ್ಲ. ಹೊಗೆಗೆ ಎಚ್ಚರ ತಪ್ಪಿತ್ತೇನೋ ಎಂದು ನಾನೇ ದಾರಿ ಮಾಡಿಕೊಟ್ಟೆ. ಅವನು ಬೇಡವೆಂದು ತಲೆಯಾಡಿಸಿದ.

"ಎಚ್ಚರ ಇತ್ತು. ಕೈಕಾಲು ನೆಟ್ಟಗಿದ್ವು. ಅದನ್ನ ಬಿಟ್ಟು ಇಳಿಯಾಕ ಮನಸ ಬರಲಿಲ್ಲ. ಗುರುಬಸಿ ಸೈತ ನೆನಪಾಗಲಿಲ್ಲ ನೋಡು. ಈಗ ಮನಿಗೆ ಹೋಗಿ ಆಕಿ ಮುಖ ನೋಡಾಕ ಹೆದರಿಕಿ ಆಗ್ತೈತಿ."