ಅಪ್ಪಯ್ಯಣ್ಣನ ಬೋಟು ಹುಡುಕಾಟ

ದೊಡ್ಡಬೆಳವಂಗಲದಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟರ್‌ಗಳನ್ನು ರಿಪೇರಿ ಮಾಡುವ ಅಪ್ಪಯ್ಯಣ್ಣ ಮೂರು ವರ್ಷದಿಂದ ಮನೆಮಂದಿಗೆಲ್ಲ ಆಗುವಂಥ ಒಂದು ಮೋಟರ್ ಬೋಟು ನೋಡುತ್ತಲೇ ಇದ್ದಾನೆ. ಮಗನಿಗೆ ಹೆಣ್ಣು ಹುಡುಕುವವರೂ ಇಷ್ಟು ಊರು ಸುತ್ತಿರಲಿಕ್ಕಿಲ್ಲ. ಊರ ಕೆರೆಯಲ್ಲಿ ಎಮ್ಮೆ ಮುಳುಗುವಷ್ಟೂ ನೀರಿಲ್ಲ ಅನ್ನುವುದು ಅವನಿಗೆ ಲೆಕ್ಕಕ್ಕೇ ಇಲ್ಲ. ‘ಇವತ್ತಲ್ಲ ನಾಳೆ ತುಂಬುತ್ತೆ ಗುರು. ಬೋಟು ಅಂದ್ರೆ ಕೆರೆಗೂ ಆಗ್ಬೇಕು, ಸಮುದ್ರಕ್ಕೂ ಆಗ್ಬೇಕು’ ಅನ್ನುತ್ತಾನೆ. ಮಂಗಳೂರಿನ ಶೋರೂಮಿಗೆ ಹೋದರೆ ನೇರ ಹಿಂಬದಿಗೆ ನಡೆದು ಎಂಜಿನ್ ತಟ್ಟಿ, ‘ಸಾವಿರ ಅಡಿ ಆಳದಿಂದ ನೀರೆತ್ತೋಕೆ ನಮ್ಗೆ ಹದಿನೈದು ಎಚ್‌ಪಿ ಸಾಕು. ಇದು ಮೇಲ್ಮೇಲೆ ತೇಲೋದು, ಇದಕ್ಯಾಕಪ್ಪಾ ಅರವತ್ತು?’ ಎಂದು ಸೇಲ್ಸಿನ ಹುಡುಗನ ಬೆವರಿಳಿಸುತ್ತಾನೆ. ಚಕ್ರವೇ ಇಲ್ಲದ ಗಾಡಿಗೆ ಪೂಜೆಯ ದಿನ ನಿಂಬೆಹಣ್ಣು ಎಲ್ಲಿಡಬೇಕು ಅಂತ ಕೇಳಿದಾಗ ಮ್ಯಾನೇಜರೇ ಎದ್ದು ಬಂದದ್ದೂ ಉಂಟು. ಎಲ್ಲ ಕೇಳಿ ಮುಗಿದ ಮೇಲೆ, ಯಾರೂ ನೋಡದಾಗ ಜೇಬಿನಿಂದ ಒಂದು ದಾರ ತೆಗೆದು ಬೋಟಿನ ಮೆಟ್ಟಿಲಿಗೆ ಹಿಡಿದು ನೋಡಿ, ‘ಕಲರ್ ಸರಿಯಿಲ್ಲ ಬಿಡ್ರಿ’ ಅಂತ ಹೊರಟುಬಿಡುತ್ತಾನೆ. ಆ ದಾರದಲ್ಲಿ ಮೂರು ಗಂಟುಗಳಿವೆ. ‘ಸಮುದ್ರದ ಮೇಲೆ ಒಂದ್ಸಲ ಹೋಗ್ಬರ್ಬೇಕು ಕಣ್ಲಾ’ ಅಂದಿದ್ದ ಅವ್ವ ಲಕ್ಕಮ್ಮ, ಮಂಡಿನೋವಿನ ಕಾಲನ್ನು ಎಷ್ಟು ಎತ್ತರಕ್ಕೆ ಎತ್ತಬಲ್ಲಳು ಅಂತ ವರ್ಷಕ್ಕೊಂದು ಸಲ ಗೋಡೆಗೆ ನಿಲ್ಲಿಸಿ ಅಳೆದು ಹಾಕಿದ ಗಂಟುಗಳು. ಒಂದೊಂದೂ ಹಿಂದಿನ ವರ್ಷದ್ದಕ್ಕಿಂತ ನಾಲ್ಕು ಬೆರಳು ಕೆಳಗಿದೆ.